ಟ್ರಿಂಕೋಮಲಿ: ಎಲ್ಲರೂ ಬಯಸಿದ ಬಂದರು ಶ್ರೀಲಂಕಾದ ಪಾಲಿಗೆ ಏನಾಗಿದೆ?

ಪ್ರಶ್ನೆ ಕೇಳಿದವರು: ಶ್ರೀರಂಗಪಟ್ಟಣದ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಆಂಗ್ಲೋ-ಮೈಸೂರು ಯುದ್ಧಗಳ ಪಾಠಕ್ಕೆ ಸಿದ್ಧತೆ ಮಾಡಿಕೊಳ್ಳುವಾಗಲೆಲ್ಲ ಪಠ್ಯದಿಂದ ಒಂದಿಷ್ಟು ಹೊರಗೆ ಓದಿದರೆ ಸಾಕು, ಶ್ರೀಲಂಕಾದ ಈಶಾನ್ಯ ಕರಾವಳಿಯಲ್ಲಿರುವ ಟ್ರಿಂಕೋಮಲಿಯ ಹೆಸರು ಎದುರಾಗುತ್ತದೆ. 1782ರ ಜುಲೈ ಕೊನೆಯಲ್ಲಿ ಕಡಲೂರಿನ ಬಳಿ ಹೈದರ್ ಅಲಿಯನ್ನು ಭೇಟಿಯಾದ ಫ್ರೆಂಚ್ ನೌಕಾಧಿಪತಿ ಸಫ್ರೆನ್, ಆಗಸ್ಟ್ ಮುಗಿಯುವುದರೊಳಗೆ ಆ ಬಂದರನ್ನು ಬ್ರಿಟಿಷರಿಂದ ಕಿತ್ತುಕೊಂಡಿದ್ದನು. ಟಿಪ್ಪು ಮಡಿದ ಮೇಲೆ ನಮ್ಮ ಊರಿನ ಆಡಳಿತವನ್ನು ವಹಿಸಿಕೊಂಡು ದರಿಯಾ ದೌಲತ್‌ನಲ್ಲಿ ವಾಸವಾಗಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯನ್ನು 1800ರ ಕೊನೆಯಲ್ಲಿ ಕಳುಹಿಸಿದ್ದೂ ಅಲ್ಲಿಗೇ. ಡಚ್ಚರು, ಫ್ರೆಂಚರು, ಬ್ರಿಟಿಷರು, ಕೊನೆಗೆ ಜಪಾನೀಯರು ಎಲ್ಲರೂ ಆ ಬಂದರಿನ ಮೇಲೆ ಕಣ್ಣಿಟ್ಟವರೇ.

ನನಗೆ ಅರ್ಥವಾಗದೇ ಇರುವುದು ಇಷ್ಟು. ಅದು ಅಷ್ಟು ಒಳ್ಳೆಯ ಬಂದರಾಗಿದ್ದರೆ ಶ್ರೀಲಂಕಾದ ಮುಖ್ಯ ಬಂದರು ಕೊಲಂಬೊ ಏಕಾಯಿತು? ಬ್ರಿಟಿಷರು ಹೋದ ಮೇಲೆ, ದೊಡ್ಡ ನೌಕಾಪಡೆಯೇ ಇಲ್ಲದ ಒಂದು ಸಣ್ಣ ದೇಶ ಅಂಥ ನೆಲೆಯನ್ನು ಇಟ್ಟುಕೊಂಡು ಏನು ಮಾಡುತ್ತಿದೆ? ಮೈಸೂರಿನ ಇತಿಹಾಸಕ್ಕೂ ಅದಕ್ಕೂ ಇರುವ ನಂಟು ಮೇಲೆ ಹೇಳಿದ ಎರಡು ಘಟನೆಗಳಲ್ಲಿ ಕಾಣುವ ಬರಿಯ ಆಕಸ್ಮಿಕವೇ, ಅಥವಾ ಅದರ ಹಿಂದೆ ಕಾರಣವಿದೆಯೇ? ವಿದ್ಯಾರ್ಥಿಗಳಿಗೆ ವಿವರಿಸಬಹುದಾದ ರೀತಿಯಲ್ಲಿ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

---

ಉತ್ತರ: ಕುವೆಂಪುನಗರದ ಓದುಗ, ಮೈಸೂರು

ಮೇಡಂ, ಮೊದಲು ನಿಮ್ಮ ಮೂರನೆಯ ಪ್ರಶ್ನೆಯನ್ನು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಬಿಡಿಸಿದರೆ ಉಳಿದವು ಅರ್ಧ ಬಿಡಿಸಿದಂತೆಯೇ. ಭೂಪಟದ ಜೊತೆಗೆ ಮಳೆಗಾಲದ ಲೆಕ್ಕವನ್ನೂ ಮುಂದಿಟ್ಟುಕೊಂಡು ನೋಡಬೇಕಾದ ವಿಷಯವಿದು.

ನಾಗಪಟ್ಟಣದಿಂದ ಕಡಲೂರು, ಪಾಂಡಿಚೇರಿ, ಮದರಾಸುಗಳವರೆಗೆ ಕೋರಮಂಡಲ ಕರಾವಳಿಯಲ್ಲಿ ಆ ಕಾಲದ ದೊಡ್ಡ ಹಡಗುಗಳಿಗೆ ಆಸರೆ ಕೊಡುವ ಒಂದೇ ಒಂದು ಸಹಜ ಬಂದರು ಇರಲಿಲ್ಲ. ಮದರಾಸಿನಂಥ ಮದರಾಸಿನಲ್ಲೇ ಹಡಗುಗಳು ತೆರೆದ ಸಮುದ್ರದಲ್ಲಿ ಲಂಗರು ಹಾಕಿ ನಿಲ್ಲಬೇಕಿತ್ತು. ಜನರನ್ನೂ ಸರಕನ್ನೂ ಹಲಗೆಗಳನ್ನು ಹಗ್ಗದಿಂದ ಹೊಲಿದು ಮಾಡಿದ ಮಸೂಲಾ ದೋಣಿಗಳಲ್ಲಿ ಅಲೆಗಳ ಮೇಲೆ ಹಾಯಿಸಿ ದಡ ಸೇರಿಸುತ್ತಿದ್ದರು. ಅಕ್ಟೋಬರ್‌ನಲ್ಲಿ ಹಿಂಗಾರು ತಿರುಗಿದ ಕೂಡಲೇ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳು ಏಳುತ್ತವೆ. ಆಗ ಆ ತೀರದಲ್ಲಿ ನಿಂತ ಹಡಗು ಉಳಿಯುವ ಭರವಸೆಯಿಲ್ಲ. ಆದ್ದರಿಂದ ಬ್ರಿಟಿಷ್ ನೌಕಾದಳ ದುರಸ್ತಿಗೂ ಆಶ್ರಯಕ್ಕೂ ಕನ್ಯಾಕುಮಾರಿಯನ್ನು ಸುತ್ತಿಕೊಂಡು ಮುಂಬಯಿಗೆ ಹೋಗಬೇಕಾಗುತ್ತಿತ್ತು, ಹಾಗೆ ಹೋದದ್ದು ಕೋರಮಂಡಲಕ್ಕೆ ಮರಳುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತಿದ್ದವು. ಆ ನಡುವಿನ ಅವಧಿಯಲ್ಲಿ ಕರಾವಳಿ ಶತ್ರುವಿನ ಹಡಗುಗಳಿಗೆ ತೆರೆದ ಬಯಲು.

ಟ್ರಿಂಕೋಮಲಿ ಈ ಇಕ್ಕಟ್ಟಿಗೆ ಪರಿಹಾರವಾಗಿತ್ತು. ಸುತ್ತಲೂ ಗುಡ್ಡಗಳು, ಒಳಗೆ ಕವಲೊಡೆದ ಆಳವಾದ ನೀರು, ಯಾವ ಮಾರುತ ಬೀಸಿದರೂ ಒಳಬಂದರಿನಲ್ಲಿ ಹಡಗು ನಿಶ್ಚಿಂತೆಯಿಂದ ನಿಲ್ಲಬಹುದು. ಇದು ಸೈನ್ಯಗಳಿಗಿಂತ ಮೊದಲೇ ವರ್ತಕರಿಗೆ ಗೊತ್ತಿದ್ದ ಸಂಗತಿ. 1659ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ‘ಆನ್’ ಎಂಬ ಹಡಗು ಕೋರಮಂಡಲದ ಬಿರುಗಾಳಿಯಲ್ಲಿ ಹಾಯಿಕಂಬ ಕಳೆದುಕೊಂಡು, ಹೊಸ ಕಂಬ ನಿಲ್ಲಿಸಿಕೊಳ್ಳಲು ಬಂದದ್ದು ಟ್ರಿಂಕೋಮಲಿಗೆ ಅಂಟಿಕೊಂಡಿರುವ ಕೊಡ್ಡಿಯಾರ್ ಕೊಲ್ಲಿಗೆ. ಅಲ್ಲಿ ಕ್ಯಾಂಡಿಯ ರಾಜನ ಕಡೆಯವರ ಸೆರೆಗೆ ಸಿಕ್ಕಿದ ರಾಬರ್ಟ್ ನಾಕ್ಸ್ ಎಂಬ ಯುವಕ ತಪ್ಪಿಸಿಕೊಂಡು ಹೊರಬರಲು ಹತ್ತೊಂಬತ್ತು ವರ್ಷಗಳಾದವು.

ಈಗ 1782ಕ್ಕೆ ಬರೋಣ. ಹೈದರನು ಕರ್ನಾಟಿಕ್ ಪ್ರದೇಶವನ್ನು ಆಕ್ರಮಿಸಿ ಎರಡು ವರ್ಷಗಳಾಗಿದ್ದವು. ಭೂಮಿಯ ಮೇಲೆ ಅವನ ಕುದುರೆ ಸೈನ್ಯಕ್ಕೆ ಎದುರಿಲ್ಲದಿದ್ದರೂ ಮದರಾಸಿಗೆ ಸಮುದ್ರಮಾರ್ಗದಿಂದ ಅಕ್ಕಿ, ಮದ್ದುಗುಂಡು, ಸೈನಿಕರು ಬರುವುದನ್ನು ತಡೆಯುವ ಶಕ್ತಿ ಅವನಿಗಿರಲಿಲ್ಲ. ಆ ಕೆಲಸ ಫ್ರೆಂಚರಿಂದ ಆಗಬೇಕಿತ್ತು. ಡಚ್ಚರೊಂದಿಗೂ ಯುದ್ಧದಲ್ಲಿದ್ದ ಬ್ರಿಟಿಷರ ಪರವಾಗಿ ಅಡ್ಮಿರಲ್ ಹ್ಯೂಸ್ 1781ರ ನವೆಂಬರ್‌ನಲ್ಲಿ ನಾಗಪಟ್ಟಣವನ್ನೂ 1782ರ ಜನವರಿಯಲ್ಲಿ ಟ್ರಿಂಕೋಮಲಿಯನ್ನೂ ಡಚ್ಚರಿಂದ ವಶಪಡಿಸಿಕೊಂಡನು. ಫೆಬ್ರುವರಿಯಿಂದ ಜುಲೈ ನಡುವೆ ಸದ್ರಾಸ್, ಪ್ರೊವಿಡಿಯನ್, ನಾಗಪಟ್ಟಣಗಳ ಎದುರು ಹ್ಯೂಸ್ ಮತ್ತು ಸಫ್ರೆನ್ ಮೂರು ಬಾರಿ ಕಾದಾಡಿದರು, ಯಾವುದೂ ನಿರ್ಣಾಯಕವಾಗಲಿಲ್ಲ. ಪ್ರತಿ ಕಾಳಗದ ನಂತರವೂ ಒಡೆದ ಕಂಬಗಳನ್ನು, ಹರಿದ ಹಾಯಿಗಳನ್ನು ಸರಿಪಡಿಸಿಕೊಳ್ಳಲು ಸಫ್ರೆನ್‌ಗೆ ಹತ್ತಿರದಲ್ಲಿ ಸ್ವಂತ ಜಾಗವಿರಲಿಲ್ಲ. ಹೈದರನನ್ನು ಭೇಟಿಯಾದ ಮೇಲೆ ಅವನು ನೇರವಾಗಿ ದಕ್ಷಿಣಕ್ಕೆ ಇಳಿದು, ಆಗಸ್ಟ್ ಕೊನೆಯ ವಾರದಲ್ಲಿ ಟ್ರಿಂಕೋಮಲಿಯ ಸಣ್ಣ ಬ್ರಿಟಿಷ್ ಕಾವಲುಪಡೆಯನ್ನು ಶರಣಾಗಿಸಿದನು. ಹ್ಯೂಸ್ ಅಲ್ಲಿಗೆ ತಲುಪುವಷ್ಟರಲ್ಲಿ ಕೋಟೆಯ ಮೇಲೆ ಫ್ರೆಂಚ್ ಧ್ವಜ ಹಾರುತ್ತಿತ್ತು. ಸೆಪ್ಟೆಂಬರ್ 3ರಂದು ಬಂದರಿನ ಹೊರಗೆ ನಡೆದ ಕಾಳಗವೂ ಅದನ್ನು ಬದಲಿಸಲಿಲ್ಲ. ಅಲ್ಲಿಗೆ ನಿಮ್ಮ ಎರಡು ಘಟನೆಗಳ ಪೈಕಿ ಮೊದಲನೆಯದು ಆಕಸ್ಮಿಕವಲ್ಲವೆಂದು ಧೈರ್ಯವಾಗಿ ಹೇಳಬಹುದು. ಮೈಸೂರು-ಫ್ರೆಂಚ್ ಮೈತ್ರಿ ಸಮುದ್ರದ ಮೇಲೆ ಕಾಲೂರಲು ಬೇಕಾಗಿದ್ದ ನೆಲವೇ ಅದು.

ಆದರೆ ಮುಂದಿನದನ್ನೂ ವಿದ್ಯಾರ್ಥಿಗಳಿಗೆ ಹೇಳಿ. ಬಂದರು ಕೈಗೆ ಸಿಕ್ಕಿದರೂ ಆ ವರ್ಷದ ಹಿಂಗಾರಿನಲ್ಲಿ ಸಫ್ರೆನ್ ತನ್ನ ಹಡಗುಗಳನ್ನು ಸುಮಾತ್ರದ ಆಚೆಹ್‌ಗೆ ಒಯ್ದನು. ಅಷ್ಟು ಜನರಿಗೆ ಬೇಕಾದ ಆಹಾರವಾಗಲಿ, ಹಡಗಿನ ಸಾಮಗ್ರಿಯಾಗಲಿ ಟ್ರಿಂಕೋಮಲಿಯ ಸುತ್ತಮುತ್ತ ದೊರೆಯುವಂತಿರಲಿಲ್ಲ. ಡಿಸೆಂಬರ್ 7ರಂದು ಹೈದರನು ಚಿತ್ತೂರಿನ ಬಳಿ ತೀರಿಕೊಂಡಾಗ ಫ್ರೆಂಚ್ ನೌಕಾದಳ ಬಂಗಾಳ ಕೊಲ್ಲಿಯ ಆಚೆ ದಡದಲ್ಲಿತ್ತು. ಮುಂದಿನ ಜೂನ್‌ನಲ್ಲಿ ಕಡಲೂರಿನ ಎದುರು ಸಫ್ರೆನ್ ಮೇಲುಗೈ ಸಾಧಿಸಿದನಾದರೂ ಅಷ್ಟರಲ್ಲಿ ಯುರೋಪಿನಲ್ಲಿ ಸಂಧಾನವಾದ ಸುದ್ದಿ ಬಂದು, ಫ್ರೆಂಚರು ಟಿಪ್ಪುವನ್ನು ಮಂಗಳೂರಿನ ಮುತ್ತಿಗೆಯಲ್ಲಿ ಒಂಟಿಯಾಗಿ ಬಿಟ್ಟು ಹಿಂದೆ ಸರಿದರು. ಟ್ರಿಂಕೋಮಲಿ ಮತ್ತೆ ಡಚ್ಚರ ಕೈ ಸೇರಿತು. 1795ರ ಆಗಸ್ಟ್‌ನಲ್ಲಿ ಬ್ರಿಟಿಷರು ಅದನ್ನು ಪುನಃ ಹಿಡಿದು, 1802ರ ಏಮಿಯನ್ಸ್ ಒಪ್ಪಂದದಲ್ಲಿ ಕಾಯಂ ಮಾಡಿಕೊಂಡರು.

ಟಿಪ್ಪುವಿಗೆ ಇದರ ಪಾಠ ಮನವರಿಕೆಯಾಗಿತ್ತೆಂದೇ ನನ್ನ ಭಾವನೆ. 1796ರಲ್ಲಿ ಅವನು ಮೀರ್-ಎ-ಯಮ್ ಎಂಬ ಅಧಿಕಾರಿಗಳ ನೌಕಾ ಮಂಡಳಿಯನ್ನು ನೇಮಿಸಿ, ನಲವತ್ತು ಯುದ್ಧನೌಕೆಗಳನ್ನು ಕಟ್ಟುವ ಯೋಜನೆ ಹಾಕಿದನು. ಮಂಗಳೂರು, ಮಿರ್ಜಾನ್ ಮತ್ತು ಸದಾಶಿವಗಡದ ಬಳಿ ಹಡಗುಕಟ್ಟೆಗಳಿಗೆ ಆದೇಶವಿತ್ತು. ಮೂರು ವರ್ಷಗಳಲ್ಲಿ ಎಲ್ಲವೂ ಮುಗಿಯಿತು.

ವೆಲ್ಲೆಸ್ಲಿಯ ವಿಷಯ ಇನ್ನೊಂದು ಬಗೆಯದು. ಟಿಪ್ಪುವಿನ ಪತನದ ನಂತರ ಬಂಡೆದ್ದಿದ್ದ ಧೋಂಡಿಯ ವಾಘನನ್ನು 1800ರ ಸೆಪ್ಟೆಂಬರ್‌ನಲ್ಲಿ ಮುಗಿಸಿದ ಮೇಲೆ, ಹಿಂದೂ ಮಹಾಸಾಗರದ ಫ್ರೆಂಚ್ ಹಾಗೂ ಡಚ್ ನೆಲೆಗಳ ಮೇಲೆ ಹೋಗಬೇಕಾಗಿದ್ದ ದಂಡಯಾತ್ರೆಯ ಪಡೆಯನ್ನು ಟ್ರಿಂಕೋಮಲಿಯಲ್ಲಿ ಕೂಡಿಸುವ ಹೊಣೆ ಅವನಿಗೆ ಬಂತು. ನಂತರ ಗುರಿ ಈಜಿಪ್ಟ್‌ಗೆ ಬದಲಾಯಿತು, ನಾಯಕತ್ವ ಜನರಲ್ ಡೇವಿಡ್ ಬೇರ್ಡ್‌ಗೆ ಹೋಯಿತು, ವೆಲ್ಲೆಸ್ಲಿ ಮುಂಬಯಿಯಲ್ಲಿ ಕಾಯಿಲೆ ಬಿದ್ದು ಶ್ರೀರಂಗಪಟ್ಟಣಕ್ಕೇ ವಾಪಸಾದನು. ಅವನು ಹತ್ತಬೇಕಾಗಿದ್ದ ಹಡಗು ಕೆಂಪು ಸಮುದ್ರದಲ್ಲಿ ಮುಳುಗಿತೆಂದು ಚರಿತ್ರಕಾರರು ಬರೆಯುತ್ತಾರೆ. ಟ್ರಿಂಕೋಮಲಿಯ ಕೋಟೆಯೊಳಗೆ ಅವನು ತಂಗಿದ್ದ ಮನೆಯನ್ನು ಈಗಲೂ ತೋರಿಸುತ್ತಾರೆ.

---

ಉತ್ತರ: ನಿವೃತ್ತ ನಾವಿಕ, ವಿಜಯನಗರ, ಮೈಸೂರು

ಕುವೆಂಪುನಗರದ ಮಿತ್ರರು ಆಚೆಹ್‌ನ ವಿಷಯ ಎತ್ತಿದ್ದು ಬಹಳ ಒಳ್ಳೆಯದಾಯಿತು. ನಾನು ಭಾರತೀಯ ನೌಕಾಪಡೆಯಲ್ಲಿ ಇಂಜಿನ್ ವಿಭಾಗದಲ್ಲಿ ಕೆಲಸ ಮಾಡಿದವನಾದ್ದರಿಂದ, ಒಳ್ಳೆಯ ಬಂದರೊಂದು ತಾನೇ ತಾನಾಗಿ ನೌಕಾನೆಲೆಯಾಗುವುದಿಲ್ಲ ಎಂಬ ಮಾತಿಗೆ ಒತ್ತು ಕೊಡಲು ಬಯಸುತ್ತೇನೆ. ಹಡಗಿಗೆ ಇಂಧನ ಬೇಕು, ಕುಡಿಯುವ ನೀರು ಬೇಕು, ಮದ್ದುಗುಂಡಿನ ಉಗ್ರಾಣ ಬೇಕು, ನೀರಿನಡಿಯ ತಳವನ್ನು ಕೆರೆದು ಬಣ್ಣ ಹಚ್ಚಲು ಡಾಕ್ ಬೇಕು, ಲೇತ್ ಮತ್ತು ವೆಲ್ಡಿಂಗ್ ಕೆಲಸದ ಕಾರ್ಯಾಗಾರ ಬೇಕು, ಆಸ್ಪತ್ರೆ ಬೇಕು, ತಿಂಗಳುಗಟ್ಟಲೆ ಸಮುದ್ರದಲ್ಲಿದ್ದು ಬಂದವರಿಗೆ ಕಾಲು ಚಾಚಲು ಜಾಗ ಬೇಕು. ಇವನ್ನೆಲ್ಲ ಒದಗಿಸುವ ಒಳನಾಡು ಮತ್ತು ರಸ್ತೆ, ರೈಲು ಬೇಕು. ಟ್ರಿಂಕೋಮಲಿಯ ಹಿಂದಿರುವುದು ಶ್ರೀಲಂಕಾದ ಒಣವಲಯದ ಕಾಡು. ಅಲ್ಲಿ ಇವು ಯಾವುವೂ ತಾವಾಗಿ ಇರಲಿಲ್ಲ, ಪ್ರತಿಯೊಂದನ್ನೂ ಹೊರಗಿನಿಂದ ತಂದು ಕಟ್ಟಬೇಕಾಯಿತು.

ಮೇಡಂ ಅವರ ಕೊಲಂಬೊ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಕಾಫಿ, ಆಮೇಲೆ ಚಹಾ ಬೆಳೆದದ್ದು ನಡುಬೆಟ್ಟಗಳಲ್ಲಿ. 1867ರಲ್ಲಿ ಕ್ಯಾಂಡಿಗೆ ರೈಲು ಹೋದದ್ದು ಕೊಲಂಬೊದಿಂದ. ಸೂಯೆಜ್ ಕಾಲುವೆ ತೆರೆದ ಮೇಲೆ ಯುರೋಪು ಮತ್ತು ಪೂರ್ವದೇಶಗಳ ನಡುವಣ ಹಡಗುಗಳು ದ್ವೀಪದ ದಕ್ಷಿಣ ತುದಿಯನ್ನು ಸವರಿಕೊಂಡು ಹೋಗುತ್ತವೆ. ಆ ದಾರಿಯಿಂದ ಟ್ರಿಂಕೋಮಲಿಗೆ ಬರಬೇಕೆಂದರೆ ಉತ್ತರಕ್ಕೆ ಬಹು ದೂರ ತಿರುಗಬೇಕು. ಕೊಲಂಬೊಕ್ಕೆ ಸಹಜ ಆಸರೆ ಇರಲಿಲ್ಲವಾದರೂ 1875ರಲ್ಲಿ ಅಲ್ಲಿ ಅಲೆತಡೆ ಗೋಡೆಯ ಕೆಲಸ ಶುರುವಾಯಿತು. ಕಲ್ಲು ಹಾಕಿ ಬಂದರು ಮಾಡಬಹುದು, ಆದರೆ ಸರಕನ್ನೂ ಗಿರಾಕಿಯನ್ನೂ ಕಲ್ಲು ಹಾಕಿ ಮಾಡಲಾಗುವುದಿಲ್ಲ. ವ್ಯಾಪಾರ ಕೊಲಂಬೊಕ್ಕೆ ಹೋಯಿತು; ಟ್ರಿಂಕೋಮಲಿಯಲ್ಲಿ ನೌಕಾಪಡೆ ಮಾತ್ರ ಉಳಿಯಿತು.

ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಹಡಗುಗಳು ಕಲ್ಲಿದ್ದಲಿನಿಂದ ಎಣ್ಣೆಗೆ ಬದಲಾದಾಗ ಬ್ರಿಟಿಷರು ಟ್ರಿಂಕೋಮಲಿಯ ಚೈನಾ ಬೇ ಬಳಿಯ ಕಾಡಿನೊಳಗೆ ಸುಮಾರು ನೂರು ಬೃಹತ್ ಉಕ್ಕಿನ ತೊಟ್ಟಿಗಳನ್ನು ಕಟ್ಟಿದರು. ಒಂದೊಂದರಲ್ಲಿ ಹತ್ತು ಸಾವಿರ ಟನ್ನಿಗೂ ಹೆಚ್ಚು ಎಣ್ಣೆ ಹಿಡಿಯುತ್ತದೆ. ಇಂಗ್ಲೆಂಡಿನಿಂದ ಸಿಂಗಪುರಕ್ಕೆ ದೊಡ್ಡ ನೌಕಾದಳ ಹೋಗಬೇಕಾಗಿ ಬಂದರೆ ದಾರಿಯಲ್ಲಿ ಇಂಧನ ಇರಲಿ ಎಂಬ ಲೆಕ್ಕಾಚಾರ ಅದು. ಆ ಲೆಕ್ಕ 1942ರ ಫೆಬ್ರುವರಿ 15ರಂದು ಸಿಂಗಪುರ ಬಿದ್ದಾಗ ತಲೆಕೆಳಗಾಯಿತು. ಅಡ್ಮಿರಲ್ ಸಾಮರ್‌ವಿಲ್ ನೇತೃತ್ವದ ಪೂರ್ವ ನೌಕಾದಳಕ್ಕೆ ಕೊಲಂಬೊ ಮತ್ತು ಟ್ರಿಂಕೋಮಲಿಗಳೇ ಮುಂಚೂಣಿಯಾದವು. ಏಪ್ರಿಲ್ 5ರಂದು ಜಪಾನೀ ವಿಮಾನಗಳು ಕೊಲಂಬೊ ಮೇಲೆ, 9ರಂದು ಟ್ರಿಂಕೋಮಲಿಯ ಮೇಲೆ ಬಾಂಬು ಹಾಕಿದವು. ದಾಳಿಯ ಮುನ್ಸೂಚನೆ ಸಿಕ್ಕಿ ಹಿಂದಿನ ರಾತ್ರಿಯೇ ಬಂದರು ಬಿಟ್ಟು ಹೊರಟಿದ್ದ ‘ಹರ್ಮಿಸ್’ ಎಂಬ ವಿಮಾನವಾಹಕ ನೌಕೆ, ತನ್ನ ವಿಮಾನಗಳಿಲ್ಲದೆ ಪೂರ್ವ ಕರಾವಳಿಯ ಮಟ್ಟಕ್ಕಳಪ್ಪಿನ (ಬಟ್ಟಿಕಲೋವಾ) ಎದುರು ಸಿಕ್ಕಿಬಿದ್ದು ಮುಳುಗಿತು. ಅದರ ಜೊತೆಗಿದ್ದ ಆಸ್ಟ್ರೇಲಿಯಾದ ‘ವ್ಯಾಂಪೈರ್’ ಕೂಡ ಉಳಿಯಲಿಲ್ಲ. ಬಂದರು ಎಷ್ಟೇ ಆಳವಾಗಿದ್ದರೂ ತಲೆಯ ಮೇಲೆ ಯುದ್ಧವಿಮಾನಗಳ ಕಾವಲಿಲ್ಲದಿದ್ದರೆ ಅದು ಬೋನಾಗಬಲ್ಲದೆಂದು ಬ್ರಿಟಿಷರು ಒಪ್ಪಿಕೊಂಡು, ನೌಕಾದಳದ ಬಹುಭಾಗವನ್ನು ಆಫ್ರಿಕಾದ ಕಿಲಿಂಡಿನಿಗೆ ಹಿಂತೆಗೆದರು. 1944ರಲ್ಲಿ ಮರಳಿ ಬಂದು ಇಲ್ಲಿಂದಲೇ ಸುಮಾತ್ರದ ಸಬಾಂಗ್ ಮೇಲೆ ದಾಳಿ ಮಾಡಿದರು. ಆ ದಾಳಿಯಲ್ಲಿ ಅಮೆರಿಕದ ‘ಸಾರಟೋಗ’ ವಿಮಾನವಾಹಕ ನೌಕೆಯೂ ಇತ್ತು.

ಅದೇ ವರ್ಷದ ಒಂದು ಘಟನೆಯನ್ನು ಇಂಜಿನಿಯರಿಂಗ್ ಓದುವ ಮಕ್ಕಳಿಗೆ ತಪ್ಪದೆ ಹೇಳಬೇಕು. ಟ್ರಿಂಕೋಮಲಿಯಲ್ಲಿ ನೆಲದಲ್ಲಿ ಕಟ್ಟಿದ ದೊಡ್ಡ ಡ್ರೈ ಡಾಕ್ ಇರಲಿಲ್ಲವಾದ್ದರಿಂದ ಒಂದು ಬೃಹತ್ ತೇಲುವ ಡಾಕನ್ನು ಮುಂಬಯಿಯಲ್ಲಿ ಕಟ್ಟಿಸಿ ತಂದು ನಿಲ್ಲಿಸಿದ್ದರು. ಇದರ ಕ್ರಮವೇನೆಂದರೆ, ಡಾಕ್‌ನ ತೊಟ್ಟಿಗಳಿಗೆ ನೀರು ತುಂಬಿ ಅದನ್ನು ಮುಳುಗಿಸುತ್ತಾರೆ, ಹಡಗನ್ನು ಒಳಗೆ ತರುತ್ತಾರೆ, ಆಮೇಲೆ ನೀರನ್ನು ಹೊರಹಾಕಿ ಹಡಗಿನ ಸಮೇತ ಮೇಲಕ್ಕೆತ್ತುತ್ತಾರೆ. 1944ರ ಆಗಸ್ಟ್ 8ರಂದು ‘ವೇಲಿಯಂಟ್’ ಎಂಬ ಭಾರಿ ಯುದ್ಧನೌಕೆಯನ್ನು ಮದ್ದುಗುಂಡಿನ ಪೂರ್ಣ ಭಾರದೊಂದಿಗೇ ಎತ್ತಲು ಹೋಗಿ, ತೊಟ್ಟಿಗಳನ್ನು ಭಾರದ ಹಂಚಿಕೆಗೆ ಹೊಂದದ ಕ್ರಮದಲ್ಲಿ ಖಾಲಿ ಮಾಡಿದ್ದರಿಂದ ಡಾಕ್‌ನ ಬೆನ್ನೇ ಮುರಿದು ಅದು ಮುಳುಗಿತು. ವೇಲಿಯಂಟ್ ತೇಲಿ ಉಳಿದರೂ ಅದರ ಹಿಂಭಾಗದ ನಾಲ್ಕರಲ್ಲಿ ನಡುವಿನ ಎರಡು ಪ್ರೊಪೆಲ್ಲರ್‌ಗಳು ಮತ್ತು ಒಂದು ಚುಕ್ಕಾಣಿ ಜಖಂ ಆದವು. ಜಪಾನೀಯರ ಬಾಂಬುಗಳಿಗೆ ಸಾಧ್ಯವಾಗದ ನಷ್ಟವನ್ನು ಪಂಪಿನ ವಾಲ್ವುಗಳು ಮಾಡಿದವು.

ಸಿಲೋನ್ 1948ರ ಫೆಬ್ರುವರಿ 4ರಂದು ಸ್ವತಂತ್ರವಾದರೂ ನೆಲೆ ಬ್ರಿಟಿಷರ ಕೈಯಲ್ಲೇ ಉಳಿಯಿತು. 1947ರ ನವೆಂಬರ್‌ನಲ್ಲಿ ಮಾಡಿಕೊಂಡಿದ್ದ ರಕ್ಷಣಾ ಒಪ್ಪಂದದಲ್ಲಿ ಅದಕ್ಕೆ ಅವಕಾಶವಿತ್ತು. ಭಾರತದಂಥ ದೊಡ್ಡ ನೆರೆಯ ಪಕ್ಕದಲ್ಲಿ ಹೊಸದಾಗಿ ಸ್ವತಂತ್ರವಾದ ಸಣ್ಣ ದೇಶದ ನಾಯಕರಿಗೆ ಆಗ ಅದು ತಪ್ಪೆನಿಸಿರಲಿಲ್ಲ. 1950ರ ಡಿಸೆಂಬರ್ 9ರಂದು ರಾಯಲ್ ಸಿಲೋನ್ ನೌಕಾಪಡೆ ಹುಟ್ಟಿದಾಗ ಅದರ ಬಳಿ ಇದ್ದ ಮುಖ್ಯ ಹಡಗು ‘ವಿಜಯ’, ಬ್ರಿಟಿಷರು ಕೊಟ್ಟ ಹಳೆಯ ಮೈನ್ ತೆಗೆಯುವ ನೌಕೆ. 1956ರ ಚುನಾವಣೆಯಲ್ಲಿ ಬಂಡಾರನಾಯಕೆ ಗೆದ್ದು ಪ್ರಧಾನಿಯಾಗಿ ಅಲಿಪ್ತ ನೀತಿಯನ್ನು ಮುಂದಿಟ್ಟ ಮೇಲೆ, 1957ರ ಅಕ್ಟೋಬರ್ 15ರಂದು ನೆಲೆ ಸಿಲೋನಿನ ಕೈಗೆ ಬಂತು. ಒಂದು ಸಾಮ್ರಾಜ್ಯದ ಯುದ್ಧನೌಕೆಗಳಿಗೆಂದು ಅಳತೆ ಮಾಡಿ ಕಟ್ಟಿದ ಎಣ್ಣೆ ತೊಟ್ಟಿಗಳು ಮತ್ತು ಹಡಗುಕಟ್ಟೆಗಳು ಕೆಲವೇ ಸಣ್ಣ ಹಡಗುಗಳ ನೌಕಾಪಡೆಯ ನೆರೆಹೊರೆಯಲ್ಲಿ ಉಳಿದವು. ಮೇಡಂ, ನಿಮ್ಮ ಎರಡನೆಯ ಪ್ರಶ್ನೆ ಹುಟ್ಟಿದ್ದು ಆ ದಿನ.

---

ಉತ್ತರ: ನಾಲೆಬಯಲು, ಮಂಡ್ಯ

ನಾನು ನೀರಾವರಿ ಇಲಾಖೆಯಲ್ಲಿದ್ದವನು, ನೌಕಾಪಡೆಯ ವಿಷಯದಲ್ಲಿ ಹಿಂದಿನವರಷ್ಟು ತಿಳಿದವನಲ್ಲ. ಆದರೆ ಆ ಎರಡನೆಯ ಪ್ರಶ್ನೆಗೆ ಉತ್ತರದ ಒಂದು ಎಳೆ ನಾಲೆಯ ತೂಬಿನಲ್ಲಿದೆ ಎಂದರೆ ಮಂಡ್ಯದವರಿಗೆ ಆಶ್ಚರ್ಯವಾಗಲಾರದು.

ಶ್ರೀಲಂಕಾದ ಅತಿ ಉದ್ದದ ನದಿಯಾದ ಮಹಾವೇಲಿ ಸಮುದ್ರ ಸೇರುವುದು ಟ್ರಿಂಕೋಮಲಿಯ ದಕ್ಷಿಣದ ಕೊಡ್ಡಿಯಾರ್ ಕೊಲ್ಲಿಯ ಭಾಗದಲ್ಲಿ. ಅಲ್ಲಿನ ಗದ್ದೆಗಳಿಗೆ ಮಾವಿಲ್ ಆರು ಎಂಬ ಅಣೆಕಟ್ಟೆಯಿಂದ ನೀರು ಹೋಗುತ್ತದೆ. 2006ರ ಜುಲೈನಲ್ಲಿ, ಪ್ರತ್ಯೇಕ ತಮಿಳು ದೇಶಕ್ಕಾಗಿ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಎಲ್‌ಟಿಟಿಇ ತನ್ನ ಹಿಡಿತದಲ್ಲಿದ್ದ ಆ ತೂಬನ್ನು ಮುಚ್ಚಿ ಕೆಳಗಿನ ರೈತರಿಗೆ ನೀರು ನಿಲ್ಲಿಸಿತು. ಅದನ್ನು ತೆರೆಸಲು ಹೊರಟ ಸೇನಾ ಕಾರ್ಯಾಚರಣೆ ಮುತ್ತೂರಿನ ಕಾಳಗವಾಗಿ ಬೆಳೆದು, ಸೆಪ್ಟೆಂಬರ್ 4ರಂದು ಸಾಂಪೂರ್ ಸೈನ್ಯದ ವಶವಾಗುವವರೆಗೆ ನಡೆಯಿತು. ಸಾಂಪೂರ್ ಏಕೆ ಮುಖ್ಯವಾಗಿತ್ತೆಂದರೆ, ಅದು ಟ್ರಿಂಕೋಮಲಿ ಬಂದರಿಗೆ ಎದುರು ದಡ. ಅಲ್ಲಿಟ್ಟ ಫಿರಂಗಿಯ ಗುಂಡು ಕೊಲ್ಲಿಯನ್ನು ದಾಟಿ ನೌಕಾನೆಲೆಯ ಒಳಗೆ ಬೀಳುತ್ತದೆ.

ಆ ನೆಲೆ ಆಗ ಸರ್ಕಾರಕ್ಕೆ ಜೀವನಾಡಿಯಾಗಿತ್ತು. ಜಾಫ್ನಾಕ್ಕೆ ಹೋಗುವ ಎ-9 ಹೆದ್ದಾರಿ ಮುಚ್ಚಿದ್ದ ವರ್ಷಗಳಲ್ಲಿ ಅಲ್ಲಿನ ಸೈನ್ಯಕ್ಕೂ ಜನರಿಗೂ ಅಕ್ಕಿ, ಔಷಧ, ಇಂಧನ ಹೋಗಬೇಕಾದರೆ ವಿಮಾನ ಬಿಟ್ಟರೆ ಟ್ರಿಂಕೋಮಲಿಯಿಂದ ಕಂಕೇಸನ್‌ತುರೈಗೆ ಹಡಗಿನ ದಾರಿಯೊಂದೇ. ಆ ಹಡಗುಗಳನ್ನು ಎಲ್‌ಟಿಟಿಇಯ ನೌಕಾ ವಿಭಾಗವಾದ ಕಡಲ ಹುಲಿಗಳ ಆತ್ಮಾಹುತಿ ದೋಣಿಗಳಿಂದ ಕಾಯುತ್ತ ವೇಗದ ಗಸ್ತು ದೋಣಿಗಳು ಜೊತೆಗೆ ಸಾಗಬೇಕಿತ್ತು. 1995ರ ಏಪ್ರಿಲ್ 19ರಂದು ಕದನವಿರಾಮ ಮುರಿದುಬಿದ್ದದ್ದೂ ಈ ಬಂದರಿನೊಳಗೆಯೇ. ‘ಸೂರಯ’ ಮತ್ತು ‘ರಣಸುರು’ ಎಂಬ ಎರಡು ಗನ್‌ಬೋಟ್‌ಗಳನ್ನು ಲಂಗರು ಹಾಕಿದ್ದಲ್ಲಿಯೇ ಕಡಲ ಹುಲಿಗಳು ನೀರಿನಡಿಯಿಂದ ಸ್ಫೋಟಿಸಿ ಮುಳುಗಿಸಿದರು.

ಇಷ್ಟನ್ನು ಓದಿದರೆ ನನಗನಿಸುವುದು, 1957ರಲ್ಲಿ ಧ್ವಜ ಬದಲಾದರೂ ಆ ನೆಲೆ ದ್ವೀಪದ ಸ್ವಂತ ಕೆಲಸಕ್ಕೆ ಬಂದದ್ದು 1983ರ ನಂತರ, ಅದೂ ಅಂತರ್ಯುದ್ಧದಲ್ಲಿ ಎಂಬುದು. ಅಲ್ಲಿನ ತಮಿಳರು, ಮುಸ್ಲಿಮರು, ಸಿಂಹಳೀಯರು ಮೂವರೂ ಇರುವ ಜಿಲ್ಲೆಯ ಜನ ಅದಕ್ಕೆ ತೆತ್ತ ಬೆಲೆಯನ್ನೂ ಪಾಠದಲ್ಲಿ ಬಿಡಬಾರದು.

---

ಮರುಪ್ರಶ್ನೆ: ಶ್ರೀರಂಗಪಟ್ಟಣದ ಉಪನ್ಯಾಸಕಿ

ಮೂವರಿಗೂ ಕೃತಜ್ಞತೆಗಳು. ಫಿರಂಗಿ ಮತ್ತು ತೂಬಿನ ಸಂಬಂಧ ನನಗೆ ಹೊಸದು. ಇನ್ನೊಂದು ವಿಷಯ ತಿಳಿಸಿ. 1987ರ ಭಾರತ-ಶ್ರೀಲಂಕಾ ಒಪ್ಪಂದದಲ್ಲಿ ಟ್ರಿಂಕೋಮಲಿಯ ಪ್ರಸ್ತಾಪವಿದೆಯೆಂದು ಕೇಳಿದ್ದೇನೆ. ತನ್ನ ಬಂದರನ್ನು ಯಾರಿಗೆ ಕೊಡಬೇಕು, ಕೊಡಬಾರದು ಎಂದು ನೆರೆಯ ದೇಶಕ್ಕೆ ಬರೆದುಕೊಡುವುದು ಸ್ವತಂತ್ರ ದೇಶಕ್ಕೆ ಕುಂದಲ್ಲವೇ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಯುದ್ಧ ಮುಗಿದ ಮೇಲೆ ಈಗ ಅಲ್ಲಿ ನಡೆಯುವುದೇನು ಎಂಬುದನ್ನೂ ಸೇರಿಸಿ ಹೇಳಿ.

---

ಉತ್ತರ: ಕುವೆಂಪುನಗರದ ಓದುಗ, ಮೈಸೂರು

ಆ ವಿದ್ಯಾರ್ಥಿನಿಯ ಪ್ರಶ್ನೆಯಲ್ಲಿ ತೂಕವಿದೆ, ನನ್ನ ಒಲವೂ ಅವಳ ಕಡೆಗೇ. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಸಹಿ ಹಾಕಿದ ಒಪ್ಪಂದದ ಜೊತೆ ವಿನಿಮಯವಾದ ಪತ್ರಗಳಲ್ಲಿ ಎರಡು ಅಂಶಗಳಿವೆ. ಟ್ರಿಂಕೋಮಲಿಯನ್ನಾಗಲಿ ಬೇರೆ ಯಾವುದೇ ಬಂದರನ್ನಾಗಲಿ ಭಾರತದ ಹಿತಕ್ಕೆ ಧಕ್ಕೆಯಾಗುವಂತೆ ಯಾವ ದೇಶದ ಸೈನಿಕ ಬಳಕೆಗೂ ಕೊಡಬಾರದು. ಎಣ್ಣೆ ತೊಟ್ಟಿಗಳ ಪುನರುದ್ಧಾರ ಮತ್ತು ನಿರ್ವಹಣೆಯನ್ನು ಎರಡೂ ದೇಶಗಳು ಜಂಟಿಯಾಗಿ ಮಾಡಬೇಕು. ಶೀತಲ ಸಮರದ ಕೊನೆಯ ವರ್ಷಗಳಲ್ಲಿ ಅಮೆರಿಕದ ನೌಕಾಪಡೆಗೆ ಅಲ್ಲಿ ಜಾಗ ಸಿಕ್ಕೀತೆಂಬ ಶಂಕೆ ದೆಹಲಿಗಿತ್ತು. ಹಿಂದೂ ಮಹಾಸಾಗರ ಶಾಂತಿವಲಯವಾಗಲಿ ಎಂದು 1971ರಲ್ಲಿ ವಿಶ್ವಸಂಸ್ಥೆಯಲ್ಲಿ ಮುಂದಾಳಾಗಿ ನಿಂತ ಶ್ರೀಲಂಕಾ, ಹದಿನಾರು ವರ್ಷಗಳ ಬಳಿಕ ಅಂಥದೇ ಮಾತನ್ನು ಒತ್ತಡಕ್ಕೆ ಮಣಿದು ಒಬ್ಬ ನೆರೆಯವನಿಗೆ ಬರೆದುಕೊಡಬೇಕಾಯಿತು. ಸ್ವಂತ ಇಚ್ಛೆಯಿಂದ ಆಡಿದ ಮಾತಿಗೂ ಬರೆಸಿಕೊಂಡ ಮಾತಿಗೂ ವ್ಯತ್ಯಾಸವಿದೆ. ಅದೇ ಒಪ್ಪಂದದಡಿ ಹೋದ ಭಾರತದ ಶಾಂತಿಪಾಲನಾ ಪಡೆಯ ಕೊನೆಯ ತುಕಡಿ 1990ರ ಮಾರ್ಚ್‌ನಲ್ಲಿ ಹಡಗು ಹತ್ತಿದ್ದು ಟ್ರಿಂಕೋಮಲಿಯಿಂದಲೇ.

---

ಉತ್ತರ: ನಿವೃತ್ತ ನಾವಿಕ, ವಿಜಯನಗರ, ಮೈಸೂರು

ಕುವೆಂಪುನಗರದವರ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಬರೆಸಿಕೊಂಡ ರೀತಿ ಒರಟಾಗಿರಬಹುದು. ಆದರೆ ಸಣ್ಣ ದೇಶವೊಂದು ತನ್ನ ಒಳ್ಳೆಯ ಬಂದರನ್ನು ಯಾವ ದೊಡ್ಡ ದೇಶಕ್ಕೂ ಪೂರ್ತಿ ಕೊಡದೆ, ಯಾರನ್ನೂ ಪೂರ್ತಿ ಹೊರಗಿಡದೆ ಎಲ್ಲರೂ ಸರದಿಯಲ್ಲಿ ಬಂದು ಹೋಗುವಂತೆ ಇಟ್ಟುಕೊಳ್ಳುವುದೇ ಅದರ ಬಹು ದೊಡ್ಡ ಬಳಕೆಯಾಗಬಹುದು. ದಕ್ಷಿಣದ ಹಂಬನ್‌ತೋಟ ಬಂದರು 2017ರಲ್ಲಿ 99 ವರ್ಷಗಳ ಗುತ್ತಿಗೆಗೆ ಚೀನಾದ ಕಂಪನಿಗೆ ಹೋಯಿತು, ಟ್ರಿಂಕೋಮಲಿ ಹಾಗಾಗಲಿಲ್ಲ. ಎಣ್ಣೆ ತೊಟ್ಟಿಗಳ ವಿಷಯದಲ್ಲಿಯೂ 1987ರ ಪತ್ರ ಕಾಗದದಲ್ಲೇ ಉಳಿದು, 2003ರಲ್ಲಿ ಇಂಡಿಯನ್ ಆಯಿಲ್‌ನ ಲಂಕಾ ಶಾಖೆ (ಲಂಕಾ ಐಒಸಿ) ಒಳಬಂದರೂ ಎಳೆದಾಟ ಮುಗಿಯದೆ, ಕೊನೆಗೆ 2022ರ ಜನವರಿಯಲ್ಲಿ ಹಂಚಿಕೆಯಾಯಿತು. ಒಟ್ಟು 99 ತೊಟ್ಟಿಗಳಲ್ಲಿ 24 ಸಿಲೋನ್ ಪೆಟ್ರೋಲಿಯಂ ನಿಗಮಕ್ಕೆ, 14 ಲಂಕಾ ಐಒಸಿಗೆ, ಉಳಿದ 61 ಇಬ್ಬರ ಜಂಟಿ ಸಂಸ್ಥೆಗೆ. ಆ ಸಂಸ್ಥೆಯಲ್ಲಿ ಶ್ರೀಲಂಕಾದ ಪಾಲು ಶೇ 51. ಮೂವತ್ತೈದು ವರ್ಷ ಎಳೆದು ಎಳೆದು ಹೆಚ್ಚಿನ ಪಾಲನ್ನು ಉಳಿಸಿಕೊಂಡವರನ್ನು ಬರಿದೇ ಮಣಿದವರು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಟ್ರಿಂಕೋಮಲಿಯನ್ನು ಇಂಧನ ಕೇಂದ್ರವಾಗಿ ಬೆಳೆಸಲು ಸಂಯುಕ್ತ ಅರಬ್ ಸಂಸ್ಥಾನವನ್ನೂ ಸೇರಿಸಿಕೊಂಡು ತ್ರಿಪಕ್ಷೀಯ ಒಡಂಬಡಿಕೆಯಾಗಿದೆ. ಅಂದರೆ ಭಾರತದ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿದ್ದಾರೆ.

ನೆಲೆಯ ಇಂದಿನ ಕೆಲಸದ ಬಗ್ಗೆ ಹೇಳುವುದಾದರೆ, ಪೂರ್ವ ನೌಕಾ ಕಮಾಂಡಿನ ಕೇಂದ್ರ ಕಚೇರಿ ಅಲ್ಲಿದೆ, ನೌಕಾಪಡೆಯ ಮುಖ್ಯ ಹಡಗುಕಟ್ಟೆ ಮತ್ತು ದುರಸ್ತಿ ಕಾರ್ಯಾಗಾರಗಳು ಅಲ್ಲಿವೆ, ಅಧಿಕಾರಿಗಳನ್ನು ತರಬೇತುಗೊಳಿಸುವ ನೌಕಾ ಮತ್ತು ಸಾಗರ ಅಕಾಡೆಮಿಯೂ ಅಲ್ಲಿಯೇ ಇದೆ. ಚೈನಾ ಬೇಯಲ್ಲಿ ವಾಯುಪಡೆಯ ಅಕಾಡೆಮಿ ಇದೆ. ಯುದ್ಧಕಾಲದಲ್ಲಿ ಈ ನೌಕಾಪಡೆ ಕಲಿತದ್ದು ಎರಡು ವಿಭಿನ್ನ ವಿದ್ಯೆಗಳನ್ನು: ತೀರದ ಬಳಿ ಶತ್ರುವಿನ ಸಣ್ಣ ದೋಣಿಗಳನ್ನು ಅಷ್ಟೇ ಸಣ್ಣ ‘ಆ್ಯರೋ’ ದೋಣಿಗಳ ಹಿಂಡಿನಿಂದ ಎದುರಿಸುವುದು, ಮತ್ತು ಸಾವಿರ ಮೈಲಿಗಳಾಚೆ ಇಂಡೊನೇಷ್ಯಾದ ಕಡೆಯ ಸಮುದ್ರದಲ್ಲಿ ಶಸ್ತ್ರಾಸ್ತ್ರ ತುಂಬಿಕೊಂಡು ಕಾಯುತ್ತಿದ್ದ ಹಡಗುಗಳನ್ನು ಹುಡುಕಿ ಮುಳುಗಿಸುವುದು. ಎರಡನೆಯದಕ್ಕೆ ಬಳಸಿದ ನೌಕೆಗಳಲ್ಲಿ ‘ಸಯುರ’ ಮೊದಲು ನಮ್ಮದೇ ‘ಐಎನ್‌ಎಸ್ ಸರಯೂ’. 2000ದಲ್ಲಿ ಅವರಿಗೆ ಕೊಟ್ಟದ್ದು. ಇಂದು ಅದೇ ಅನುಭವ ಮಾದಕವಸ್ತು ಸಾಗಣೆ, ಅಕ್ರಮ ವಲಸೆ, ಅಪಾಯದಲ್ಲಿರುವ ಮೀನುಗಾರರ ರಕ್ಷಣೆಗಳಿಗೆ ಬಳಕೆಯಾಗುತ್ತಿದೆ. ಭಾರತ ಮತ್ತು ಶ್ರೀಲಂಕಾ ನೌಕಾಪಡೆಗಳ ‘ಸ್ಲಿನೆಕ್ಸ್’ ಜಂಟಿ ಅಭ್ಯಾಸ 2020ರಲ್ಲಿ ನಡೆದದ್ದು ಟ್ರಿಂಕೋಮಲಿಯ ಎದುರಿನ ಸಮುದ್ರದಲ್ಲಿ. ವಾಣಿಜ್ಯ ಈಗಲೂ ಸೀಮಿತವೇ. ಗೋಧಿ ತಂದು ಹಿಟ್ಟು ಮಾಡುವ ದೊಡ್ಡ ಗಿರಣಿ, ಸಿಮೆಂಟ್ ಕಾರ್ಖಾನೆ, ಇಂಧನ, ಇಷ್ಟರ ಸುತ್ತ ಹಡಗುಗಳ ಓಡಾಟ.

ರಾಜಕೀಯದಲ್ಲಿ ನೆಲೆ ಯಾವ ಉಪಯೋಗಕ್ಕೆ ಬರುತ್ತದೆಂಬುದಕ್ಕೆ 2022ರ ಮೇ ತಿಂಗಳು ಸಾಕ್ಷಿ. ಕೊಲಂಬೊದಲ್ಲಿ ಜನರು ಮನೆಗೆ ನುಗ್ಗುವ ಸ್ಥಿತಿ ಬಂದಾಗ, ಆಗಷ್ಟೇ ಪ್ರಧಾನಿ ಹುದ್ದೆ ಬಿಟ್ಟಿದ್ದ ಮಹಿಂದ ರಾಜಪಕ್ಸೆ ಕುಟುಂಬದೊಂದಿಗೆ ಬಂದು ತಂಗಿದ್ದು ಈ ನೆಲೆಯೊಳಗೆ. ಸುದ್ದಿ ಹರಡಿ ಅದರ ಬಾಗಿಲಲ್ಲೂ ಪ್ರತಿಭಟನೆ ನಡೆಯಿತು.

---

ಉತ್ತರ: ನಾಲೆಬಯಲು, ಮಂಡ್ಯ

ಮೇಡಂ, ಹೆಸರಿನ ಬಗ್ಗೆ ಒಂದು ಪುಟ್ಟ ಸೇರ್ಪಡೆ, ವಿದ್ಯಾರ್ಥಿಗಳಿಗೆ ಇಷ್ಟವಾಗಬಹುದು. ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ‘ಟ್ರಿಂಕೋಮಲಿ’ ಎಂಬ ಹೆಸರಿನ ಹಾಯಿಯ ಯುದ್ಧನೌಕೆಯನ್ನು ಇಂದಿಗೂ ನೀರಿನಲ್ಲೇ ಕಾಪಾಡಿದ್ದಾರೆ. ಬ್ರಿಟನ್ನಿನ ಯುದ್ಧನೌಕೆಗಳಲ್ಲಿ ಇನ್ನೂ ತೇಲುತ್ತಿರುವ ಅತ್ಯಂತ ಹಳೆಯದು ಅದೇ. ಅದನ್ನು ಕಟ್ಟಿದ್ದು ಮುಂಬಯಿಯಲ್ಲಿ ವಾಡಿಯಾ ಮನೆತನದ ಪಾರ್ಸಿ ಶಿಲ್ಪಿಗಳು, ನೀರಿಗಿಳಿದದ್ದು 1817ರ ಅಕ್ಟೋಬರ್‌ನಲ್ಲಿ, ಮರ ಮಲಬಾರಿನ ತೇಗ. ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಅಭಾವ ಬಂದದ್ದರಿಂದ ನಮ್ಮ ಘಟ್ಟದ ತೇಗವನ್ನು ಹುಡುಕಿಕೊಂಡು ಬಂದರು. 1792ರವರೆಗೆ ಆ ಮಲಬಾರು ಟಿಪ್ಪುವಿನ ಕೈಯಲ್ಲಿತ್ತು.

---

ಉತ್ತರ: ನಿವೃತ್ತ ನಾವಿಕ, ವಿಜಯನಗರ, ಮೈಸೂರು

ಟ್ರಿಂಕೋಮಲಿಗೆ ಹೋಗಿ ನೋಡುವ ಯೋಚನೆ ಯಾರಿಗಾದರೂ ಇದ್ದರೆ ಹೇಳುತ್ತೇನೆ. ಫ್ರೆಡರಿಕ್ ಕೋಟೆಯಲ್ಲಿ ಸೈನ್ಯ ಇದ್ದರೂ ಕೋಣೇಶ್ವರ ದೇವಸ್ಥಾನಕ್ಕೆ ದಾರಿ ಅದರೊಳಗಿಂದಲೇ ಆದ್ದರಿಂದ ಸಾರ್ವಜನಿಕರನ್ನು ಬಿಡುತ್ತಾರೆ. ಪೋರ್ಚುಗೀಸರು ಹಳೆಯ ದೇವಾಲಯವನ್ನು ಕೆಡವಿ ಅದೇ ಬಂಡೆಯ ಮೇಲೆ 1620ರ ದಶಕದಲ್ಲಿ ಕೋಟೆ ಕಟ್ಟಿದ್ದರು, ಈಗಿನ ದೇವಸ್ಥಾನ ನಂತರದ್ದು. ಒಸ್ಟೆನ್‌ಬರ್ಗ್ ಗುಡ್ಡದ ಹಳೆಯ ಫಿರಂಗಿಗಳು ಮತ್ತು ಹುಡ್ಸ್ ಟವರ್ ವಸ್ತುಸಂಗ್ರಹಾಲಯ ನೌಕಾನೆಲೆಯ ಆವರಣದೊಳಗಿವೆ, ಅಲ್ಲಿಗೆ ನೌಕಾಪಡೆಯ ಅನುಮತಿ ಬೇಕು. ನಿಲಾವೇಲಿ ರಸ್ತೆಯ ಯುದ್ಧಸ್ಮಶಾನಕ್ಕೆ ಯಾವ ಅಡ್ಡಿಯೂ ಇಲ್ಲ. ಕೊಲಂಬೊದ ಫೋರ್ಟ್ ನಿಲ್ದಾಣದಿಂದ ರಾತ್ರಿ ರೈಲು ಇದೆ. ಅಕ್ಟೋಬರ್‌ನಿಂದ ಜನವರಿಯವರೆಗೆ ಅಲ್ಲಿ ಹಿಂಗಾರಿನ ಮಳೆ, ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವೆ ಹೋಗುವುದು ಒಳ್ಳೆಯದು.